ಚಿಕ್ಕ ಪದ, ದೊಡ್ಡ ಪೇಚು

ಪರಭಾಷೆಯನ್ನು ಕಲಿಯಹೊರಟವರು ಉದ್ದುದ್ದವಾದ ಪದಗಳಿಗೆ ಅಂಜುವುದುಂಟು. ಆದರೆ ಡೇನಿಷ್ ಭಾಷೆಯಲ್ಲಿ ಹೊಸಬರನ್ನು ಎಡವಿಸುವುದು ‘ಇ’, ‘ಪೊ’, ‘ಒಮ್’, ‘ಹೊಸ್’ ಮೊದಲಾದ ಪುಟ್ಟ ಪದಗಳು. ಕನ್ನಡದ ವಿಭಕ್ತಿಪ್ರತ್ಯಯಗಳು ಮಾಡುವ ಕೆಲಸವನ್ನೇ ಅವೂ ಮಾಡುತ್ತವೆ. ಆದರೆ ನಾಮಪದದ ಕೊನೆಗೆ ಅಂಟಿಕೊಳ್ಳದೆ, ಅದಕ್ಕಿಂತ ಮೊದಲೇ ಬಿಡಿಯಾಗಿ ನಿಲ್ಲುತ್ತವೆ.

‘ಇ’ ಎಂದರೆ ಒಳಗೆ, ‘ಪೊ’ ಎಂದರೆ ಮೇಲೆ ಎಂದು ಮೊದಲ ಪಾಠ. ಪೆಟ್ಟಿಗೆ, ಮೇಜುಗಳ ಮಟ್ಟಿಗೆ ಇದು ಸರಿಯೇ. ಆದರೆ ಮಗು ಶಾಲೆಯಲ್ಲಿದೆ ಎನ್ನಲು ‘ಇ’, ತಂದೆ ಕೆಲಸದಲ್ಲಿದ್ದಾನೆ ಎನ್ನಲು ‘ಪೊ’, ತಾಯಿ ವೈದ್ಯರ ಬಳಿ ಇದ್ದಾಳೆ ಎನ್ನಲು ‘ಹೊಸ್’ ಬೇಕು. ಇಂಗ್ಲಿಷ್ ಬಲ್ಲವರು ಮೂರು ಕಡೆಯೂ ‘ಅಟ್’ ಎಂದುಬಿಡಬಹುದು. ಡೇನಿಷಿನಲ್ಲಿ ಒಂದೇ ಕೀಲಿಕೈ ಮೂರು ಬೀಗಗಳಿಗೂ ಹೊಂದದು.

ಭೂಪಟದಲ್ಲಿಯೂ ಇದೇ ಸೋಜಿಗ. ಕೋಪನ್‌ಹೇಗನ್ ನಗರಕ್ಕೆ ‘ಇ’. ಅದರ ಬಹುಭಾಗ ನೆಲೆಸಿರುವ ಝೀಲೆಂಡ್ ದ್ವೀಪಕ್ಕೆ ‘ಪೊ’. ಯೂರೋಪಿನ ಮುಖ್ಯಭೂಮಿಗೆ ಅಂಟಿಕೊಂಡಿರುವ ಜಟ್ಲೆಂಡ್‌ಗೆ ಮತ್ತೆ ‘ಇ’.

ಇಂತಹ ತಪ್ಪುಗಳನ್ನು ಕೇಳಿದವರು ನಕ್ಕು ಮರೆತಾರು. ಕಾಲವನ್ನು ಹೇಳುವಾಗ ಮಾತ್ರ ಎಚ್ಚರ ಬೇಕು. ‘ಇ ಮೋರ್ಗೆನ್’ ಎಂದರೆ ನಾಳೆ; ‘ಒಮ್ ಮೋರ್ಗೆನೆನ್’ ಎಂದರೆ ಬೆಳಗಿನ ಹೊತ್ತು. ಔಷಧದ ಡಬ್ಬಿಯ ಮೇಲೆ ಎರಡನೆಯದಿದ್ದರೆ ದಿನವೂ ಬೆಳಿಗ್ಗೆ ಸೇವಿಸಬೇಕೆಂದು ಅರ್ಥ. ಅದನ್ನು ‘ನಾಳೆ’ ಎಂದು ಓದಿಕೊಂಡ ರೋಗಿಯ ಗತಿ? ಅಂತೆಯೇ ‘ಎರಡು ದಿನ’ ಎಂಬುದರ ಹಿಂದೆ ‘ಇ’ ಬಂದರೆ ಎರಡು ದಿನಗಳ ಕಾಲ. ‘ಪೊ’ ಬಂದರೆ ಎರಡು ದಿನಗಳಲ್ಲಿ ಮುಗಿಯುವ ಕೆಲಸ. ‘ಒಮ್’ ಬಂದರೆ ಇನ್ನೆರಡು ದಿನಗಳ ಅನಂತರ. ಎರಡು ದಿನಗಳಿಂದ ಜ್ವರವೆಂದು ವೈದ್ಯರಿಗೆ ಹೇಳಬೇಕಾದವರು ‘ಇ’ ಎನ್ನುವಲ್ಲಿ ‘ಒಮ್’ ಎಂದರೆ, ಜ್ವರ ಇನ್ನು ಮೇಲೆ ಬರಲಿದೆ ಎಂದಾದೀತು!

ಹಾಗಾದರೆ ಉಪಾಯವೇನು? ಬಿಡಿ ಪದಕ್ಕೆ ಬಿಡಿ ಅರ್ಥವನ್ನು ಉರುಹೊಡೆಯುವುದರಿಂದ ಪ್ರಯೋಜನವಿಲ್ಲ. ಶಾಲೆಯನ್ನು ‘ಇ’ಯೊಡನೆ, ಕೆಲಸವನ್ನು ‘ಪೊ’ವಿನೊಡನೆ, ವೈದ್ಯರನ್ನು ‘ಹೊಸ್’ನೊಡನೆ ಜೋಡಿಯಾಗಿಯೇ ಕಲಿಯಬೇಕು. ಕ್ರಿಯಾಪದಗಳಿಗೂ ಇಂತಹ ಸಂಗಾತಿಗಳುಂಟು: ಯಾರಿಗಾದರೂ ಕಾಯುವುದಾದರೆ ಡೇನರು ‘ಪೊ’ ಎನ್ನುವರು, ಅಲ್ಲಿ ‘ಮೇಲೆ’ ಎಂಬ ಅರ್ಥವನ್ನು ಹುಡುಕಿ ಫಲವಿಲ್ಲ.

‘ಮನೆಗೆ’, ‘ಮನೆಯಿಂದ’ ಎಂಬ ಭೇದವನ್ನು ಕನ್ನಡದ ಕಂದ ವ್ಯಾಕರಣ ಓದಿ ಕಲಿಯುವುದಿಲ್ಲ. ಕೇಳಿ ಕೇಳಿ, ಆಡಿ ಆಡಿ ಕಲಿಯುತ್ತದೆ. ದೊಡ್ಡವರಾದ ಮೇಲೆ ಡೇನಿಷ್ ಕಲಿಯುವವರಿಗೂ ಅದೇ ಹಾದಿ.