ರಾಮ್ಸರ್ ಪಟ್ಟ ಸಿಕ್ಕಿತು. ಅಘನಾಶಿನಿಯ ಗಜನಿಯನ್ನು ಕಾಯುವ ಕಾನೂನು ಯಾವುದು?

2024ರ ಜನವರಿ 31ರಂದು ಕೇಂದ್ರ ಪರಿಸರ ಸಚಿವಾಲಯ ದೇಶದ ಐದು ಜೌಗು ಪ್ರದೇಶಗಳಿಗೆ ರಾಮ್ಸರ್ ಮಾನ್ಯತೆ ದೊರೆತಿರುವುದನ್ನು ಪ್ರಕಟಿಸಿತು. ಆ ಐದರಲ್ಲಿ ಮೂರು ಕರ್ನಾಟಕದವು: ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಅಲ್ಲಿಯವರೆಗೆ ರಂಗನತಿಟ್ಟು ಒಂದನ್ನೇ ಆ ಪಟ್ಟಿಯಲ್ಲಿ ಹೊಂದಿದ್ದ ರಾಜ್ಯಕ್ಕೆ ಇದು ಹೆಮ್ಮೆಯ ಸಂಗತಿಯೇ ಸರಿ. 4801 ಹೆಕ್ಟೇರ್ ವಿಸ್ತಾರದ ಅಘನಾಶಿನಿ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎನಿಸಿಕೊಂಡಿತು. ಅಭಿನಂದನೆಗಳು ಹರಿದವು.

ಆದರೆ ಒಂದು ಸರಳ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳಿದಂತಿಲ್ಲ. ಈ ಪಟ್ಟಿಗೆ ಸೇರಿದ ಮೇಲೆ ಅಳಿವೆಯ ಅಂಚಿನಲ್ಲಿ ಮಣ್ಣು ತುಂಬಿಸಿ ರೆಸಾರ್ಟ್ ಕಟ್ಟಹೊರಟವನು ಹಿಂದೆ ಬೇಕಿಲ್ಲದಿದ್ದ ಯಾವ ಹೊಸ ಅನುಮತಿಯನ್ನು ಪಡೆಯಬೇಕಾಗುತ್ತದೆ? ನಿಯಮಗಳನ್ನು ಓದುತ್ತ ಹೋದರೆ ಸಿಗುವ ಉತ್ತರ ಸಮಾಧಾನಕರವಾಗಿಲ್ಲ. ಅಳಿವೆಯ ಬಹುಭಾಗದಲ್ಲಿ ಹೊಸ ಅನುಮತಿ ಯಾವುದೂ ಇಲ್ಲ. ಕೆಲವು ಭಾಗಗಳಲ್ಲಿ ಹಳೆಯ ತಡೆಯೂ ಇಲ್ಲ.

ಶಿರಸಿಯಲ್ಲಿ ಹುಟ್ಟುವ ಅಘನಾಶಿನಿಗೆ ಅಣೆಕಟ್ಟಿನ ಅಡ್ಡಿಯಿಲ್ಲ. ಘಟ್ಟ ಇಳಿದು ಕುಮಟಾ ತಾಲೂಕಿನಲ್ಲಿ ಅಗಲವಾಗಿ ಹರಡಿಕೊಂಡು, ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಅದು ಕಡಲು ಸೇರುತ್ತದೆ. ಇಳಿತದ ಹೊತ್ತಿನಲ್ಲಿ ತೆರೆದುಕೊಳ್ಳುವ ಕೆಸರುನೆಲದಲ್ಲಿ ಚಿಪ್ಪಿಕಲ್ಲು ಆರಿಸಿ ದಿನದ ಸಂಪಾದನೆ ಮಾಡುವ ಕುಟುಂಬಗಳು ಇಲ್ಲಿವೆ. ದಡದ ಉದ್ದಕ್ಕೂ ಕಾಂಡ್ಲಾ ಕಾಡು. ಗೋಕರ್ಣದ ಬದಿಗೆ ಸಾಣಿಕಟ್ಟಾದ ಉಪ್ಪಿನ ಆಗರ. ಇವೆಲ್ಲಕ್ಕಿಂತ ವಿಶಿಷ್ಟವಾದುದು ಗಜನಿ. ಉಪ್ಪುನೀರಿಗೆ ಒಡ್ಡು ಹಾಕಿ ಪಡೆದ ಈ ಬಯಲಿನಲ್ಲಿ ಮಳೆಗಾಲದಲ್ಲಿ ಕಗ್ಗ ಎಂಬ, ಉಪ್ಪನ್ನು ತಾಳಿಕೊಳ್ಳುವ ಭತ್ತ ಬೆಳೆಯುತ್ತಾರೆ. ಕೊಯ್ಲಿನ ನಂತರ ಒಡ್ಡಿನ ಬಾಗಿಲು ತೆರೆದು ಭರತದ ನೀರನ್ನು ಒಳಗೆ ಬಿಡುತ್ತಾರೆ. ನಿಂತ ಕೂಳೆಯೇ ಸೀಗಡಿ, ಮೀನುಗಳಿಗೆ ಆಹಾರವಾಗುತ್ತದೆ. ಒಂದೇ ನೆಲ ಅರ್ಧ ವರ್ಷ ಗದ್ದೆ, ಇನ್ನರ್ಧ ವರ್ಷ ಅಳಿವೆ.

ಕಾನೂನಿಗೆ ತೊಡಕಾಗಿರುವುದು ಇದೇ ಇಬ್ಬಗೆಯ ಸ್ವಭಾವ.

ನಿಯಮವೇ ಹೊರಗಿಟ್ಟ ನೆಲ

ರಾಮ್ಸರ್ ತಾಣಗಳಿಗೆ ದೇಶದಲ್ಲಿ ಕಾನೂನಿನ ಬಲ ನೀಡುವುದು 2017ರ ಜೌಗು ಪ್ರದೇಶಗಳ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು. 2010ರ ನಿಯಮಗಳ ಸ್ಥಾನದಲ್ಲಿ ಬಂದ ಇವು ಮೇಲ್ನೋಟಕ್ಕೆ ಬಿಗಿಯಾಗಿಯೇ ಇವೆ. ಜೌಗು ನೆಲವನ್ನು ಬೇರೆ ಉದ್ದೇಶಕ್ಕೆ ಬದಲಿಸುವಂತಿಲ್ಲ, ಕೈಗಾರಿಕೆ ಸ್ಥಾಪಿಸುವಂತಿಲ್ಲ, ತ್ಯಾಜ್ಯ ಸುರಿಯುವಂತಿಲ್ಲ. ಹತ್ತು ವರ್ಷಗಳ ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್ ಒಳಗೆ ದೋಣಿಕಟ್ಟೆಯ ಹೊರತು ಯಾವುದೇ ಶಾಶ್ವತ ನಿರ್ಮಾಣ ಸಲ್ಲದು.

ಆದರೆ ಅದೇ ನಿಯಮಗಳ ಮೂರನೆಯ ನಿಯಮಕ್ಕೆ ಒಂದು ಬಾಲವಿದೆ. ಅರಣ್ಯ ಮತ್ತು ವನ್ಯಜೀವಿ ಕಾಯಿದೆಗಳ ವ್ಯಾಪ್ತಿಯ ಪ್ರದೇಶಗಳಿಗೆ, ಜೊತೆಗೆ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆಯ ವ್ಯಾಪ್ತಿಯ ಜೌಗು ಪ್ರದೇಶಗಳಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ ಎಂಬುದು ಅದರ ತಾತ್ಪರ್ಯ. ಒಂದೇ ನೆಲಕ್ಕೆ ಎರಡು ಕಾನೂನು, ಎರಡು ಪ್ರಾಧಿಕಾರ ಬೇಡ ಎಂಬುದು ಇದರ ಹಿಂದಿನ ತರ್ಕ ಇರಬಹುದು. ತರ್ಕದಲ್ಲಿ ತಪ್ಪಿಲ್ಲ. ಪರಿಣಾಮ ಮಾತ್ರ ಹೀಗೆ: ಉಬ್ಬರವಿಳಿತದ ನೀರು ಆಡುವ ಅಘನಾಶಿನಿಯ ಪಾತ್ರ ಮತ್ತು ದಡ ಬಹುತೇಕ ಸಿಆರ್‌ಝಡ್ ವ್ಯಾಪ್ತಿಯವು. ಆದ್ದರಿಂದ ಅಲ್ಲಿ ರಾಮ್ಸರ್ ಪಟ್ಟದ ಜೊತೆಗೆ ಬರಬೇಕಾಗಿದ್ದ ನಿಯಮಾವಳಿ ಬಾಗಿಲಲ್ಲೇ ನಿಲ್ಲುತ್ತದೆ.

ಸಿಆರ್‌ಝಡ್ ಗೆರೆಯ ಆಚೆಗೆ ಉಳಿಯುವ ಗಜನಿಗಾದರೂ ಈ ನಿಯಮಗಳು ಅನ್ವಯಿಸಬಹುದಲ್ಲ ಎನ್ನಬಹುದು. ಅಲ್ಲಿ ವ್ಯಾಖ್ಯೆಯೇ ಅಡ್ಡ ಬರುತ್ತದೆ. ನದಿ ಪಾತ್ರ, ಭತ್ತದ ಗದ್ದೆ, ಜಲಕೃಷಿಗೆಂದು ಹಾಗೂ ಉಪ್ಪು ತಯಾರಿಕೆಗೆಂದು ನಿರ್ಮಿಸಿದ ರಚನೆಗಳು, ಇವು ಯಾವುವೂ ಈ ನಿಯಮಗಳ ಪ್ರಕಾರ ಜೌಗು ಪ್ರದೇಶ ಅಲ್ಲ. ಅಘನಾಶಿನಿಯನ್ನು ಬಲ್ಲವರು ಈ ಪಟ್ಟಿಯನ್ನು ಇನ್ನೊಮ್ಮೆ ಓದಲಿ. ಹೊಳೆ, ಕಗ್ಗದ ಗದ್ದೆ, ಸೀಗಡಿ ಬಯಲು, ಸಾಣಿಕಟ್ಟಾದ ಆಗರ. ಅಳಿವೆಯನ್ನು ಅಳಿವೆಯಾಗಿಸಿದ ಒಂದೊಂದೂ ಹೆಸರು ಹಿಡಿದು ಕರೆದಂತೆ ಹೊರಗಿಡಲ್ಪಟ್ಟಿದೆ. ಸ್ವತಃ ರಾಮ್ಸರ್ ಒಪ್ಪಂದ ಹಾಗೆ ಮಾಡುವುದಿಲ್ಲ; ಮಾನವನಿರ್ಮಿತ ಜೌಗು ನೆಲವೂ ಅದರ ದೃಷ್ಟಿಯಲ್ಲಿ ಜೌಗು ನೆಲವೇ. ಅಂತಾರಾಷ್ಟ್ರೀಯ ಒಪ್ಪಂದ ಒಳಗೆ ತಂದುದನ್ನು ದೇಶೀಯ ನಿಯಮ ಹೊರಗೆ ಕಳಿಸಿದೆ.

ನೂರರಿಂದ ಐವತ್ತಕ್ಕೆ

ಹಾಗಾದರೆ ಉಳಿಯುವ ರಕ್ಷಣೆ ಸಿಆರ್‌ಝಡ್ ಒಂದೇ. ಪರಿಸರ ಸಂರಕ್ಷಣಾ ಕಾಯಿದೆಯಡಿ 1991ರ ಫೆಬ್ರವರಿ 19ರಂದು ಹೊರಬಿದ್ದ ಮೂಲ ಅಧಿಸೂಚನೆ ಅನೇಕ ತಿದ್ದುಪಡಿಗಳನ್ನು ಕಂಡು, 2011ರಲ್ಲಿ ಹೊಸ ರೂಪ ಪಡೆದು, 2019ರ ಜನವರಿಯಲ್ಲಿ ಮತ್ತೆ ಬದಲಾಯಿತು. ಕಡಲತೀರದ ರೆಸಾರ್ಟ್‌ಗಳ ವಿಚಾರದಲ್ಲಿ ಈ ಬದಲಾವಣೆಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಅಳಿವೆಗಳ ವಿಚಾರದಲ್ಲಿ ನಡೆದದ್ದು ಕಡಿಮೆ. 2011ರ ಅಧಿಸೂಚನೆಯಲ್ಲಿ ಉಬ್ಬರದ ನೀರು ಬರುವ ಹೊಳೆಗಳ ದಡದಲ್ಲಿ ಭರತ ರೇಖೆಯಿಂದ 100 ಮೀಟರ್ ಅಥವಾ ಹೊಳೆಯ ಅಗಲ, ಎರಡರಲ್ಲಿ ಕಡಿಮೆ ಯಾವುದೋ ಅಷ್ಟು ನೆಲ ನಿಯಂತ್ರಣಕ್ಕೆ ಒಳಪಟ್ಟಿತ್ತು. 2019ರ ಅಧಿಸೂಚನೆ ಆ 100ನ್ನು 50 ಮಾಡಿತು. ಅಂದರೆ ದೊಡ್ಡ ಅಳಿವೆಗಳ ದಡದಲ್ಲಿ ನಿಯಂತ್ರಿತ ಪಟ್ಟಿ ಒಂದೇ ಏಟಿಗೆ ಅರ್ಧವಾಯಿತು.

ಈ 50 ಮೀಟರ್ ನಕ್ಷೆಯಲ್ಲಿ ಎಷ್ಟು ಕಾಣುತ್ತದೆ ಎಂಬುದನ್ನೂ ನೋಡಬೇಕು. ರಾಜ್ಯಗಳ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಗಳು 1:25,000 ಪ್ರಮಾಣದವು. ಆ ಹಾಳೆಯ ಮೇಲೆ 50 ಮೀಟರ್ ಎಂದರೆ ಎರಡು ಮಿಲಿಮೀಟರ್! ಒಂದು ಸರ್ವೆ ನಂಬರ್ ಗೆರೆಯ ಈಚೆಗೋ ಆಚೆಗೋ ಎಂಬ ಕೋಟ್ಯಂತರ ರೂಪಾಯಿಯ ಪ್ರಶ್ನೆ ಈ ಎರಡು ಮಿಲಿಮೀಟರ್‌ನಲ್ಲಿ ತೀರ್ಮಾನವಾಗುವಂಥದು. ಹಳ್ಳಿ ಮಟ್ಟದ, ಹಿಡುವಳಿ ಗಡಿಗಳನ್ನು ತೋರಿಸುವ ನಕ್ಷೆಗಳು ಎಲ್ಲರ ಕೈಗೆ ಸಿಗದ ಹೊರತು ಸಾಮಾನ್ಯ ಕೃಷಿಕನಿಗೆ ತನ್ನ ನೆಲದ ಸ್ಥಿತಿಯೇ ತಿಳಿಯದು.

ಕಾಂಡ್ಲಾಕ್ಕೆ ಅಧಿಸೂಚನೆ ಅತ್ಯುಚ್ಚ ದರ್ಜೆಯ, ಅಂದರೆ ಸಿಆರ್‌ಝಡ್-1ಎ ರಕ್ಷಣೆ ಕೊಡುತ್ತದೆ. 1000 ಚದರ ಮೀಟರ್‌ಗಿಂತ ದೊಡ್ಡದಾದ ಕಾಂಡ್ಲಾ ಪ್ರದೇಶದ ಸುತ್ತ 50 ಮೀಟರ್ ಅಂಚುಪಟ್ಟಿಯನ್ನೂ ಬಿಡಬೇಕು. ಆದರೆ ಖಾಸಗಿ ಜಮೀನಿನಲ್ಲಿರುವ ಕಾಂಡ್ಲಾಕ್ಕೆ ಆ ಅಂಚುಪಟ್ಟಿ ಬೇಕಿಲ್ಲ. ಖಾಸಗಿ ಹಿಡುವಳಿಯ ಗಜನಿಗಳಿರುವ ಅಳಿವೆಯಲ್ಲಿ ಇದು ಸಣ್ಣ ವಿನಾಯಿತಿಯಲ್ಲ.

ಇನ್ನೊಂದು ಉಪಬಂಧ ಗಜನಿಯನ್ನೇ ಮನಸ್ಸಿನಲ್ಲಿಟ್ಟು ಬರೆದಂತಿದೆ. 1991ರ ಫೆಬ್ರವರಿ 19ಕ್ಕಿಂತ ಮೊದಲೇ ಕಟ್ಟಿದ ಒಡ್ಡು ಅಥವಾ ನೀರುಬಾಗಿಲು ಇದ್ದಲ್ಲಿ ಭರತ ರೇಖೆಯನ್ನು ಆ ಒಡ್ಡಿನ ಮೇಲೆಯೇ ನಿಲ್ಲಿಸಬೇಕು. ಗಜನಿಯ ಒಡ್ಡುಗಳು ತಲೆಮಾರುಗಳ ಹಿಂದಿನವು. ಹಾಗಾಗಿ ಕಾನೂನಿನ ಕಣ್ಣಿನಲ್ಲಿ ಕಡಲಿನ ನೀರು ಒಡ್ಡಿಗೇ ಮುಗಿಯುತ್ತದೆ, ವರ್ಷದ ಅರ್ಧ ಕಾಲ ಆ ನೀರು ಬಾಗಿಲು ದಾಟಿ ಬಯಲಿನ ತುಂಬ ನಿಂತಿರುತ್ತದಾದರೂ. ಒಡ್ಡಿನಿಂದ 50 ಮೀಟರ್ ದಾಟಿದ ಗಜನಿ ಸಿಆರ್‌ಝಡ್ ಅಲ್ಲ. ಭತ್ತದ ಗದ್ದೆಯಾದ್ದರಿಂದ ಜೌಗು ಪ್ರದೇಶವೂ ಅಲ್ಲ. ಎರಡು ಕಾನೂನುಗಳ ನಡುವಿನ ಸಂದಿನಲ್ಲಿ ಬಿದ್ದ ನೆಲ ಅದು.

ಕಡತದ ದಾರಿ

ಅಂಥ ನೆಲದ ಭವಿಷ್ಯ ನಿರ್ಧರಿಸುವುದು ಯಾವ ಪರಿಸರ ಪ್ರಾಧಿಕಾರವೂ ಅಲ್ಲ, ಕಂದಾಯ ಇಲಾಖೆ. 1964ರಲ್ಲಿ ಜಾರಿಗೆ ಬಂದ ಕರ್ನಾಟಕ ಭೂ ಕಂದಾಯ ಕಾಯಿದೆಯ 95ನೇ ಕಲಂ ಪ್ರಕಾರ ಕೃಷಿಭೂಮಿಯನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸುವ ಅಧಿಕಾರ ಜಿಲ್ಲಾಧಿಕಾರಿಯದು. ಕಡತದಲ್ಲಿ ಏಳುವ ಪ್ರಶ್ನೆ, ಈ ಸರ್ವೆ ನಂಬರ್ ಸಿಆರ್‌ಝಡ್ ಒಳಗಿದೆಯೇ ಎಂಬುದು. ಇಲ್ಲ ಎಂಬ ಉತ್ತರ ಬಂದರೆ ತಡೆಯಲು ಆಧಾರ ಕಡಿಮೆ. ಇದಕ್ಕೆ 2020ರ ಭೂ ಸುಧಾರಣಾ ತಿದ್ದುಪಡಿಯನ್ನೂ ಸೇರಿಸಿ ನೋಡಬೇಕು. 79ಎ ಮತ್ತು 79ಬಿ ಕಲಂಗಳು ರದ್ದಾದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಕೂಲಿಯಾಳು ಸಿಗದೆ, ಒಡ್ಡು ದುರಸ್ತಿಯ ಖರ್ಚು ತಾಳದೆ ಗಜನಿಯನ್ನು ಪಾಳು ಬಿಟ್ಟವನ ಬಾಗಿಲಿಗೆ ಗೋಕರ್ಣದ ಪ್ರವಾಸೋದ್ಯಮದ ಮೇಲೆ ಕಣ್ಣಿಟ್ಟ ನಗರದ ಖರೀದಿದಾರ ಬಂದು ನಿಂತರೆ ಆಶ್ಚರ್ಯಪಡಬೇಕಿಲ್ಲ.

ಕರಾವಳಿಯ ಜನರ ವಾದವನ್ನು ಇಲ್ಲಿ ಕಡೆಗಣಿಸುವಂತಿಲ್ಲ. ಮೀನುಗಾರ ಕುಟುಂಬ ತನ್ನ ಹಳೆಯ ಮನೆ ವಿಸ್ತರಿಸಲು ದಶಕಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದದ್ದು ಸುಳ್ಳಲ್ಲ. ಸ್ವಂತ ವಾಸದ 300 ಚದರ ಮೀಟರ್‌ವರೆಗಿನ ಮನೆಗೆ ಸ್ಥಳೀಯ ಸಂಸ್ಥೆಯೇ ಅನುಮತಿ ನೀಡಬಹುದು ಎಂಬ 2019ರ ಸಡಿಲಿಕೆ ನ್ಯಾಯವಾದುದೇ. ಆದರೆ ಮನೆಯ ಹೆಸರಿನಲ್ಲಿ ಕೇಳಿದ ಸಡಿಲಿಕೆಯ ಲಾಭ ಮನೆಗಷ್ಟೇ ಸೀಮಿತವಾಗಲಿಲ್ಲ. ದಡದ ಪಟ್ಟಿಯನ್ನು ಅರ್ಧಕ್ಕಿಳಿಸಿ ಎಂದು ಚಿಪ್ಪಿಕಲ್ಲು ಆರಿಸುವವರು ಯಾರೂ ಅರ್ಜಿ ಹಾಕಿರಲಾರರು.

ಅಘನಾಶಿನಿ ಇದುವರೆಗೆ ಉಳಿದುಕೊಂಡಿರುವುದಕ್ಕೆ ಕಾನೂನಿಗಿಂತ ಜನರೇ ಕಾರಣ. ತದಡಿಯಲ್ಲಿ 4000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ ಅದನ್ನು ಹಿಂದಕ್ಕೆ ಕಳಿಸಿದ್ದು ಸ್ಥಳೀಯರ ವಿರೋಧ. ಬಳಿಕ ಬಂದರಿನ ಪ್ರಸ್ತಾವ ಬಂತು. ಬೃಹತ್ ಯೋಜನೆಗಳಿಗೆ ಊರು ಒಟ್ಟಾಗಿ ಎದುರು ನಿಲ್ಲಬಲ್ಲದು. ಎರಡು ಎಕರೆ, ಮೂರು ಎಕರೆಯಾಗಿ ಪರಿವರ್ತನೆಯಾಗುವ ಗಜನಿಗೆ ಮೆರವಣಿಗೆ ಹೊರಡುವವರು ಯಾರು?

ವೆಂಬನಾಡಿನ ಅನುಭವ

ನೆರೆಯ ಕೇರಳದ ವೆಂಬನಾಡು 2002ರಲ್ಲಿಯೇ ರಾಮ್ಸರ್ ಪಟ್ಟಿಗೆ ಸೇರಿತು. ಆ ಪಟ್ಟ ಇದ್ದೂ ಹಿನ್ನೀರಿನ ದಡದ ಮರಡಿನಲ್ಲಿ ಬಹುಮಹಡಿ ವಸತಿ ಸಮುಚ್ಚಯಗಳು ಎದ್ದವು. ಪಂಚಾಯಿತಿ 2006ರಲ್ಲಿ ಅನುಮತಿಯನ್ನೂ ಕೊಟ್ಟಿತ್ತು. 2019ರ ಮೇ 8ರಂದು ಸುಪ್ರೀಂ ಕೋರ್ಟ್ ನೆಲಸಮಕ್ಕೆ ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ಸಮುಚ್ಚಯಗಳು ಸ್ಫೋಟಕಗಳಿಂದ ಉರುಳಿದ್ದನ್ನು ದೇಶವೇ ದೂರದರ್ಶನದಲ್ಲಿ ಕಂಡಿತು. ಮುನ್ನೂರಕ್ಕೂ ಹೆಚ್ಚು ಫ್ಲಾಟ್‌ಗಳ ಮಾಲೀಕರಿಗೆ ತಲಾ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಬೇಕಾಯಿತು. ವೆಂಬನಾಡಿನ ದ್ವೀಪವೊಂದರ ಕಾಪಿಕೊ ರೆಸಾರ್ಟ್‌ಗೂ ಅದೇ ಗತಿಯಾಯಿತು. 2020ರ ಜನವರಿಯ ತೀರ್ಪಿನ ನಂತರ 2022ರಲ್ಲಿ ಅದನ್ನು ಕೆಡವುವ ಕೆಲಸ ಆರಂಭವಾಯಿತು.

ಗಮನಿಸಬೇಕಾದದ್ದು, ಆ ಕಟ್ಟಡಗಳನ್ನು ಉರುಳಿಸಿದ್ದು ರಾಮ್ಸರ್ ಪಟ್ಟವಲ್ಲ, ಸಿಆರ್‌ಝಡ್ ಉಲ್ಲಂಘನೆ. ಗೆರೆಯೊಳಗೆ ಇದ್ದುದರಿಂದ ಅವು ಉರುಳಿದವು. ಗೆರೆಯೇ ಹಿಂದೆ ಸರಿದಿರುವ ಕಡೆ ಮುಂದೆ ಏಳುವ ಕಟ್ಟಡಗಳಿಗೆ ಆ ಭಯವೂ ಇಲ್ಲ. ಮೊದಲು ಕಟ್ಟಿ ಆಮೇಲೆ ಪರಿಸರ ಅನುಮತಿ ಪಡೆಯುವ ಪದ್ಧತಿ ಕಾನೂನುಬಾಹಿರ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದೇ ವರ್ಷದ ನವೆಂಬರಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ 2:1ರ ಬಹುಮತದಿಂದ ಆ ತೀರ್ಪನ್ನು ಹಿಂತೆಗೆದುಕೊಂಡಿತು. ಅದು ಪರಿಸರ ಪರಿಣಾಮ ಅಧ್ಯಯನಕ್ಕೆ ಸಂಬಂಧಿಸಿದ ಪ್ರಕರಣವಾದರೂ ಬಿಲ್ಡರ್‌ಗಳಿಗೆ ಅದರಿಂದ ಹೋದ ಸಂದೇಶವೇನೆಂದು ಬಿಡಿಸಿ ಹೇಳಬೇಕಿಲ್ಲ.

ರಾಜ್ಯ ಸರಕಾರದ ಕೈ ಕಟ್ಟಿಹಾಕಿಲ್ಲ. ಕೇಂದ್ರದ ನಿಯಮಗಳು ತಾಣದ ಗಡಿಯಾಚೆಗೂ 'ಪ್ರಭಾವ ವಲಯ' ಗುರುತಿಸಿ, ಅಲ್ಲಿ ಯಾವುದಕ್ಕೆ ಅವಕಾಶ, ಯಾವುದಕ್ಕೆ ಇಲ್ಲ ಎಂದು ಪಟ್ಟಿ ಮಾಡುವ ಅಧಿಕಾರವನ್ನು ರಾಜ್ಯ ಜೌಗು ಪ್ರದೇಶ ಪ್ರಾಧಿಕಾರಕ್ಕೆ ಕೊಟ್ಟಿವೆ. ಭೂಪರಿವರ್ತನೆ ಪೂರ್ಣವಾಗಿ ರಾಜ್ಯದ್ದೇ ವಿಷಯ. ರಾಮ್ಸರ್ ಗಡಿಯೊಳಗಿನ ಸರ್ವೆ ನಂಬರ್‌ಗಳ ಪಟ್ಟಿ ತಹಸೀಲ್ದಾರರ ಮೇಜಿನ ಮೇಲಿರಬೇಕು, ಅವುಗಳ ಪರಿವರ್ತನೆಗೆ ಪ್ರಾಧಿಕಾರದ ಅಭಿಪ್ರಾಯ ಕಡ್ಡಾಯವಾಗಬೇಕು. 2011ರ ಅಧಿಸೂಚನೆಯಿಂದಲೇ ಕಾರವಾರ ಮತ್ತು ಕುಂದಾಪುರ 'ಅತಿ ಸೂಕ್ಷ್ಮ ಕರಾವಳಿ ಪ್ರದೇಶ'ಗಳೆಂದು ಹೆಸರಿಸಲ್ಪಟ್ಟಿವೆ. ಸ್ಥಳೀಯ ಸಮುದಾಯಗಳ ಸಹಭಾಗಿತ್ವದಲ್ಲಿ ಅವುಗಳನ್ನು ನಿರ್ವಹಿಸಬೇಕೆಂಬುದು ಆ ವರ್ಗದ ಆಶಯ. ಎರಡರ ನಡುವೆ ಇರುವ ಅಘನಾಶಿನಿ ಆ ಪಟ್ಟಿಯಲ್ಲಿಲ್ಲ. ಸೇರಿಸಿ ಎಂದು ರಾಜ್ಯ ಕೇಳಬಹುದು.

ಇದೆಲ್ಲಕ್ಕಿಂತ ಮೊದಲು ಆಗಬೇಕಾದ್ದು ಒಡ್ಡಿನ ದುರಸ್ತಿ. ಒಡ್ಡು ಒಡೆದು ಉಪ್ಪುನೀರು ನುಗ್ಗಿದ ಗಜನಿಯಲ್ಲಿ ಕಗ್ಗ ಬಿತ್ತುವವರಿಲ್ಲ. ಒಂದೆರಡು ವರ್ಷಗಳಲ್ಲಿ ತಾನಾಗಿ ಕಾಂಡ್ಲಾ ಮೊಳೆಯುತ್ತದೆ. ಹಾಗೆ ಹಳೆಯ ಒಡ್ಡಿನ ಒಳಗೆ ಬೆಳೆದ ಕಾಂಡ್ಲಾ ನೆಲ, ವಿಸ್ತಾರ ಎಷ್ಟೇ ಇರಲಿ, ಸಿಆರ್‌ಝಡ್-1ಎ ಎಂದು ಅದೇ ಅಧಿಸೂಚನೆ ಹೇಳುತ್ತದೆ. ಮಾರುವ ಯೋಚನೆಯಲ್ಲಿರುವ ಭೂಮಾಲೀಕ ಅದಕ್ಕೆ ಮೊದಲೇ ಸಸಿ ಕಿತ್ತು ಹಾಕುತ್ತಾನೆ. ಒಡ್ಡು ಗಟ್ಟಿಯಾಗಿದ್ದು ಕಗ್ಗದ ಬೆಳೆಯೂ ಸೀಗಡಿಯ ಆದಾಯವೂ ಕೈಸೇರುತ್ತಿದ್ದರೆ ಅವನಿಗೆ ಮಾರುವ ಯೋಚನೆಯೇ ಬರುತ್ತಿರಲಿಲ್ಲ.