ಪರೀಕ್ಷೆಗೊಳಗಾಗದ ಮದ್ದು ಮೆದುಳಿಗೆ ಬೇಡ

ಬೆಂಗಳೂರಿನ ವಿಜಯನಗರದ ಹಂಪಿನಗರದಲ್ಲಿರುವ ಸಾರ್ವಜನಿಕ ಗ್ರಂಥಾಲಯವನ್ನು ಹೊಕ್ಕು ನೋಡಿದವರಿಗೆ, ಲೋಕಸೇವಾ ಆಯೋಗದ ಪರೀಕ್ಷೆಗೆಂದು ದೂರದ ಜಿಲ್ಲೆಗಳಿಂದ ಬಂದು ಅತ್ತಿಗುಪ್ಪೆ, ಚಂದ್ರಾ ಲೇಔಟುಗಳ ಪಿ.ಜಿ. ಕೊಠಡಿಗಳಲ್ಲಿ ನೆಲೆಸಿರುವ ತರುಣ ತರುಣಿಯರು ಟಿಪ್ಪಣಿಗಳ ರಾಶಿಯ ಮುಂದೆ ತಲೆಯೆತ್ತದೆ ಕುಳಿತಿರುವುದು ಕಾಣುತ್ತದೆ. ಊರಿನಲ್ಲಿ ತಂದೆ ಮಾಡಿದ ಸಾಲ, ಮೀರಿಹೋಗುತ್ತಿರುವ ವಯೋಮಿತಿ, ಮುಂದೂಡಲ್ಪಡುವ ಪರೀಕ್ಷೆ, ಇವೆಲ್ಲ ಕೂಡಿ ಹುಟ್ಟಿಸುವ ಉದ್ವೇಗಕ್ಕೆ ಮದ್ದೊಂದಿದೆಯೆಂದು ಯಾರಾದರೂ ಹೇಳಿದರೆ ಕಿವಿ ಅತ್ತ ತಿರುಗುವುದು ಸಹಜ. ಸ್ಮೃತಿಯನ್ನು ಚುರುಕುಗೊಳಿಸುವ ಸೆಮ್ಯಾಕ್ಸ್, ಆತಂಕವನ್ನು ನೀಗುವ ಸೆಲ್ಯಾಂಕ್ ಎಂದು ಅಂತರ್ಜಾಲದ ಅಂಗಡಿಗಳು ಮಾರುತ್ತಿರುವ ಪೆಪ್ಟೈಡುಗಳ ವಿಷಯದಲ್ಲಿ ನಾವು ಮೌನವಾಗಿರುವುದು ಇಂಥ ಮಕ್ಕಳಿಗೆ ಮಾಡುವ ಅನ್ಯಾಯ.

ಪೆಪ್ಟೈಡುಗಳನ್ನು ಕುರಿತ ವಿದ್ಯೆ ತಿರಸ್ಕಾರಕ್ಕೆ ಅರ್ಹವಾದುದಲ್ಲ. ಅಮೈನೋ ಆಮ್ಲಗಳು ಒಂದಕ್ಕೊಂದು ಕೂಡಿ ಆದ ಕಿರುಸರಪಳಿಗಳಿವು. ಇನ್ಸುಲಿನ್ನೂ ಈ ಕುಲಕ್ಕೆ ಸೇರಿದುದೇ. ಇಂಥ ಸರಪಳಿ ಎಲ್ಲಿ ಬಾಗಬಲ್ಲುದು, ಎಲ್ಲಿ ಬಾಗಲಾರದು ಎಂಬುದನ್ನು 1963ರಲ್ಲಿ ಒಂದೇ ನಕ್ಷೆಯಲ್ಲಿ ಲೋಕಕ್ಕೆ ತೋರಿಸಿದ ಜಿ.ಎನ್. ರಾಮಚಂದ್ರನ್ ಅವರು, ಮುಂದೆ ರಾಜಾಜಿನಗರದಿಂದ ಅನತಿದೂರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೈವಭೌತ ವಿಜ್ಞಾನದ ವಿಭಾಗವನ್ನು ಕಟ್ಟಿದರು. ಅದೇ ವಿಭಾಗದಲ್ಲಿ ದಶಕಗಳ ಕಾಲ ಪೆಪ್ಟೈಡುಗಳ ರಚನೆಯನ್ನು ಶೋಧಿಸಿದ ಪಿ. ಬಲರಾಮ್ ಅವರು ಕಡಲಿನ ಶಂಕುವಾಕಾರದ ಬಸವನಹುಳುಗಳ ವಿಷದಲ್ಲಿರುವ ಪೆಪ್ಟೈಡುಗಳನ್ನೂ ಅಭ್ಯಸಿಸಿದರು. ಅಂಥ ಹುಳುವೊಂದರ ವಿಷವನ್ನು ಅನುಸರಿಸಿ ನಿರ್ಮಿಸಿದ ಜಿಕೊನೊಟೈಡ್, 2004ರಲ್ಲಿ ಅಮೆರಿಕದಲ್ಲಿ ತೀವ್ರ ನೋವಿನ ಔಷಧವಾಗಿ ಅಂಗೀಕೃತವಾಯಿತು. ಪೆಪ್ಟೈಡು ನರಮಂಡಲಕ್ಕೆ ಮದ್ದಾಗಬಲ್ಲುದು ಎಂಬುದರಲ್ಲಿ ಆದುದರಿಂದ ಸಂಶಯವಿಲ್ಲ. ಆದರೆ ಆಗಬಲ್ಲುದಕ್ಕೂ ಆದುದಕ್ಕೂ ನಡುವೆ ವರ್ಷಗಟ್ಟಲೆಯ ಪರೀಕ್ಷೆಯ ಹಾದಿಯಿದೆ.

ಸೆಮ್ಯಾಕ್ಸ್, ಸೆಲ್ಯಾಂಕುಗಳು ಆ ಹಾದಿಯಲ್ಲಿ ಎಲ್ಲಿವೆ? ಪಿಟ್ಯುಟರಿ ಗ್ರಂಥಿಯ ಎ.ಸಿ.ಟಿ.ಎಚ್. ಹಾರ್ಮೋನಿನ ತುಣುಕುಗಳು ಇಲಿಗಳ ಕಲಿಕೆಯ ಮೇಲೆ ಪರಿಣಾಮ ಬೀರುತ್ತವೆಂಬುದನ್ನು 1960ರ ದಶಕದಲ್ಲಿ ಹಾಲೆಂಡಿನ ಡೇವಿಡ್ ಡಿ ವೀಡ್ ತೋರಿಸಿದರು. ಆ ಜಾಡನ್ನು ಹಿಡಿದ ಮಾಸ್ಕೋದ ವಿಜ್ಞಾನಿಗಳು, ಅದೇ ಹಾರ್ಮೋನಿನ ನಾಲ್ಕು ಅಮೈನೋ ಆಮ್ಲಗಳ ತುಣುಕಿಗೆ, ಶರೀರದಲ್ಲಿ ಬೇಗನೆ ಒಡೆದುಹೋಗದಿರಲೆಂದು ಇನ್ನು ಮೂರನ್ನು ಜೋಡಿಸಿ ಸೆಮ್ಯಾಕ್ಸನ್ನೂ, ರೋಗನಿರೋಧಕ ವ್ಯವಸ್ಥೆಗೆ ಸೇರಿದ ಟಫ್ಟ್‌ಸಿನ್ನಿಗೆ ಅದೇ ಮೂರನ್ನು ಜೋಡಿಸಿ ಸೆಲ್ಯಾಂಕನ್ನೂ ರೂಪಿಸಿದರು. ನುಂಗಿದರೆ ಜೀರ್ಣವಾಗಿಬಿಡುವ ಕಾರಣ ಮೂಗಿಗೆ ಹನಿಸುವ ಈ ಎರಡೂ ರಷ್ಯದಲ್ಲಿ ನೋಂದಣಿಯಾದ ಔಷಧಗಳು. ಆದರೆ ಮನುಷ್ಯರ ಮೇಲಿನ ಅಧ್ಯಯನಗಳು ಬಹುಮಟ್ಟಿಗೆ ಅಲ್ಲಿಯವೇ, ಅವೂ ಚಿಕ್ಕವೇ. ನಿದ್ದೆಗೆಟ್ಟು ಓದುವ ಆರೋಗ್ಯವಂತ ವಿದ್ಯಾರ್ಥಿಗೆ ಅಂಕ ಹೆಚ್ಚುವುದೆಂಬ ಭರವಸೆಗೆ ಅವುಗಳಲ್ಲಿ ಆಧಾರವಿಲ್ಲ.

ದೊಡ್ಡ ಪರೀಕ್ಷೆಗೆ ಒಡ್ಡಿದಾಗ ಎಂಥ ಆಸೆಯೂ ಕುಸಿಯಬಹುದೆಂಬುದಕ್ಕೆ ನೆರಿನೆಟೈಡ್ ನಿದರ್ಶನ. ಕೋತಿಗಳ ಮೆದುಳನ್ನು ಪಾರ್ಶ್ವವಾಯುವಿನ ಹಾನಿಯಿಂದ ಕಾಪಾಡಿದ ಈ ಪೆಪ್ಟೈಡು, 2020ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ 1105 ರೋಗಿಗಳ ಪರೀಕ್ಷೆಯಲ್ಲಿ ಒಟ್ಟಾರೆ ಗುಣ ತೋರಲಿಲ್ಲ. ಹೆಪ್ಪು ಕರಗಿಸುವ ಔಷಧವನ್ನು ಪಡೆಯದವರಲ್ಲಿ ಮಾತ್ರ ಫಲ ಕಂಡಂತಾಯಿತೆಂದು ಅಂಥವರನ್ನೇ ಆಯ್ದು ಮತ್ತೆ ಪರೀಕ್ಷಿಸಿದಾಗ ಆ ಆಸೆಯೂ ನಿಲ್ಲಲಿಲ್ಲ. ಹಂದಿಯ ಮೆದುಳಿನಿಂದ ತಯಾರಾಗುವ ಪೆಪ್ಟೈಡುಗಳ ಮಿಶ್ರಣವಾದ, ನಮ್ಮ ದೇಶದಲ್ಲಿಯೂ ಬಳಕೆಯಲ್ಲಿರುವ ಸೆರೆಬ್ರೊಲೈಸಿನ್ ಪಾರ್ಶ್ವವಾಯುವಿನಿಂದಾಗುವ ಮರಣವನ್ನು ತಡೆಯುವಲ್ಲಿ ಬಹುಶಃ ಅಷ್ಟೇನೂ ಪ್ರಯೋಜನ ನೀಡದೆಂದೂ, ಮಾರಕವಲ್ಲದ ಗಂಭೀರ ಪ್ರತಿಕೂಲ ಪರಿಣಾಮಗಳು ಹೆಚ್ಚಬಹುದೆಂದೂ ಕೊಕ್ರೇನ್ ಸಂಸ್ಥೆಯ ಸಮೀಕ್ಷೆ ಎಚ್ಚರಿಸಿದೆ.

ಇಷ್ಟಾದರೂ ಅಂತರ್ಜಾಲದಲ್ಲಿ ದೊರೆಯುವುದೇನು? ಕಿರುಬೆರಳುದ್ದದ ಗಾಜಿನ ಶೀಶೆ, ತಳದಲ್ಲಿ ಚಿಟಿಕೆಯಷ್ಟು ಬಿಳಿಯ ಪುಡಿ, ಮೇಲೆ 'ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ' ಎಂಬ ಚೀಟಿ. ಆ ಚೀಟಿ ಮಾರುವವನ ರಕ್ಷಣೆಗಾಗಿ ಇರುವುದೇ ಹೊರತು ಕೊಳ್ಳುವವನ ರಕ್ಷಣೆಗಾಗಿ ಅಲ್ಲ. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳ ಪ್ರಕಾರ, ಪ್ರಯೋಗಕ್ಕೆ ಒಳಗಾಗುವವನಿಗೆ ಎಲ್ಲವನ್ನೂ ತಿಳಿಸಿ ಅವನ ಸಮ್ಮತಿಯನ್ನು ಪಡೆಯಬೇಕು, ನೀತಿ ಸಮಿತಿ ಪ್ರಯೋಗವನ್ನು ಪರಿಶೀಲಿಸಬೇಕು, ಹಾನಿಯಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕು. ಪಿ.ಜಿ. ಕೊಠಡಿಯಲ್ಲಿ ಒಬ್ಬನೇ ಕುಳಿತು ಶೀಶೆಗೆ ನೀರು ಬೆರೆಸುವವನೂ ಪ್ರಯೋಗಕ್ಕೆ ಒಳಗಾದವನೇ. ಆದರೆ ಆ ಪ್ರಯೋಗದಿಂದ ಲೋಕಕ್ಕೆ ಜ್ಞಾನವೂ ಇಲ್ಲ, ಅವನಿಗೆ ರಕ್ಷಣೆಯೂ ಇಲ್ಲ.

ಮೆದುಳನ್ನು ಕಾಯುವ ಪರೀಕ್ಷಿತ ಮಾರ್ಗಗಳು ಇಲ್ಲದೆ ಇಲ್ಲ. ರಕ್ತದೊತ್ತಡ, ಮಧುಮೇಹ, ಕಿವುಡು, ಧೂಮಪಾನ ಮೊದಲಾದ 14 ಕಾರಣಗಳನ್ನು ನಿವಾರಿಸಿದರೆ ಮರೆಗುಳಿತನದ ಸುಮಾರು ಶೇಕಡ 45 ಪ್ರಕರಣಗಳನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದೆಂದು 2024ರ ಲ್ಯಾನ್ಸೆಟ್ ಆಯೋಗ ಹೇಳಿದೆ. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ಕಾರ್ಮಿಕನೊಬ್ಬ ತಪ್ಪದೆ ಪಡೆಯುವ ಬಿ.ಪಿ. ಮಾತ್ರೆ ಯಾವ ಶೀಶೆಗಿಂತಲೂ ಅವನ ಮೆದುಳಿಗೆ ಹಿತ. ಆತಂಕದಿಂದ ಬಳಲುವ ವಿದ್ಯಾರ್ಥಿಗೆ ಕನ್ನಡದಲ್ಲಿಯೇ ಉತ್ತರಿಸುವ ಟೆಲಿ ಮನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಲು ಕಾಸು ಬೇಕಿಲ್ಲ. ಆ ಸಂಖ್ಯೆ ಪ್ರತಿಯೊಂದು ತರಬೇತಿ ಕೇಂದ್ರದ, ಪಿ.ಜಿ.ಯ ಗೋಡೆಯ ಮೇಲೆ ಇರತಕ್ಕದ್ದು.

ಔಷಧ ನಿಯಂತ್ರಣದ ಅಧಿಕಾರಿಗಳು ಈ ಶೀಶೆಗಳ ಮಾರಾಟಕ್ಕೆ ತಡೆ ಹಾಕಬೇಕು. ಅದರ ಜೊತೆಗೆ, ಪೆಪ್ಟೈಡುಗಳ ಶಾಸ್ತ್ರವನ್ನು ಬಲ್ಲ ಭಾರತೀಯ ವಿಜ್ಞಾನ ಸಂಸ್ಥೆಯೂ ರೋಗಿಗಳನ್ನು ಬಲ್ಲ ನಿಮ್ಹಾನ್ಸೂ ಒಂದೇ ಊರಿನಲ್ಲಿರುವಾಗ, ಆಶಾದಾಯಕವಾದವುಗಳ ನ್ಯಾಯವಾದ ಪರೀಕ್ಷೆ ಸರ್ಕಾರದ ಹಣದಿಂದ ಇಲ್ಲಿಯೇ ನಡೆಯಬೇಕು. ಗೆದ್ದ ಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಬಡವನಿಗೂ ದೊರೆಯಬೇಕು, ಸೋತದ್ದು ಸೋತಿತೆಂದು ಕನ್ನಡದಲ್ಲಿ ಸಾರಬೇಕು. ಅದುವರೆಗೆ, ಸ್ವಂತ ಮೆದುಳನ್ನು ಪಣವಾಗಿಡುವ ಸಾಹಸಕ್ಕೆ ನಮ್ಮ ಮಕ್ಕಳಲ್ಲಿ ಯಾರೂ ಇಳಿಯಕೂಡದು.