ಬಿಡುವಿನ ದಿನದ ರಾವುತರು

ಅನ್ನ ತಿನ್ನಲೊಲ್ಲದ ಮಗುವಿಗೆ ‘ಅಗೋ, ಪೋಲೀಸಿನವನು ಬಂದ’ ಎಂದು ಹೇಳುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಹೀಗೆ ಹೆದರಿಸಿಕೊಂಡು ಬೆಳೆದ ನಾವು ದೊಡ್ಡವರಾದ ಮೇಲೂ ಪೋಲೀಸಿನವರನ್ನು ಪಂಕ್ತಿಯಿಂದ ಸ್ವಲ್ಪ ಆಚೆಗೆ ಕೂರಿಸಿಯೇ ನೋಡುತ್ತೇವೆ. ಅವರಿಗೂ ಬಿಡುವಿನ ದಿನವೆಂಬುದು ಇರುವುದಷ್ಟೆ. ಆ ದಿನ ಅವರೂ ಸಮವಸ್ತ್ರವನ್ನು ಗೂಟಕ್ಕೆ ತಗುಲಿಸಿ ಏನಾದರೂ ಮಾಡುತ್ತಿರಬೇಕು ಎಂಬ ಯೋಚನೆ ನಮಗೆ ಬರುವುದು ಅಪರೂಪ. ಈ ತಿಂಗಳು ನಾವು ವಾಚಕರ ಮುಂದಿಡುವುದು ಅಂಥದೊಂದು ಬಿಡುವಿನ ದಿನದ ವೃತ್ತಾಂತ. ಅಮೆರಿಕದ ಕೆಲವರು ಪೋಲೀಸು ಅಧಿಕಾರಿಗಳು ತಮಗಾಗಿ ಒಂದು ಮೋಟಾರು ಸೈಕಲ್ ಸಂಘವನ್ನು ಕಟ್ಟಿಕೊಂಡ ಸಂಗತಿ ಅದು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈಶಾನ್ಯದ ತುದಿಯದು ಮೇಯ್ನ್. ಅಲ್ಲಿ ಪೆನಾಬ್‌ಸ್ಕಾಟ್ ನದಿಯ ದಡದಲ್ಲಿ ಬ್ಯಾಂಗೋರ್ ಎಂಬ ಊರಿದೆ. ಆಂಗ್ಲರು ನಮ್ಮ ಬೆಂಗಳೂರಿಗೆ ಇಟ್ಟಿದ್ದ ಹೆಸರನ್ನು ಇದು ನೆನಪಿಗೆ ತಂದರೂ ಎರಡಕ್ಕೂ ನಂಟೇನೂ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಡಿನ ದಿಮ್ಮಿಗಳನ್ನು ನದಿಯಲ್ಲಿ ತೇಲಿಬಿಟ್ಟು, ಕೊಯ್ದು, ಹಡಗಿಗೆ ತುಂಬಿ ಐಶ್ವರ್ಯ ಕಂಡ ಊರು ಅದು. ಚಳಿಗಾಲದಲ್ಲಿ ಅಲ್ಲಿ ತಿಂಗಳುಗಟ್ಟಲೆ ನೆಲ ಕಾಣದಂತೆ ಹಿಮ ಬೀಳುತ್ತದೆ. ಎರಡು ಚಕ್ರದ ವಾಹನವನ್ನು ಇಟ್ಟುಕೊಂಡವನು ಅದರ ಮೇಲೆ ಹಚ್ಚಡ ಹೊದಿಸಿ ವಸಂತವನ್ನು ಕಾಯುತ್ತ ಕುಳಿತಿರಬೇಕು. 1974ನೆಯ ಇಸವಿಯ ಅಂಥ ವಸಂತದಲ್ಲಿ ಬ್ಯಾಂಗೋರಿನ ಸುತ್ತಲಿನ ಕೆಲವರು ಅಧಿಕಾರಿಗಳು ಕಲೆತು ‘ಬ್ಲೂ ನೈಟ್ಸ್’ ಎಂಬ ಸಂಘವನ್ನು ಸ್ಥಾಪಿಸಿದರು. ಇಲ್ಲಿ ‘ನೈಟ್’ ಎಂದರೆ ರಾತ್ರಿಯೆಂದು ವಾಚಕರು ತಿಳಿಯಬಾರದು. ಅದು ಕುದುರೆಯೇರಿದ ವೀರಭಟನ ಹೆಸರು. ನೀಲಿಯೆಂಬುದು ಅಲ್ಲಿನ ಪೋಲೀಸಿನವರಿಗೆ ರೂಢಿಯಲ್ಲಿ ಅಂಟಿಕೊಂಡ ಬಣ್ಣ. ನೀಲಿ ರಾವುತರು ಎಂದು ನಾವು ಕರೆದರೆ ತಪ್ಪಾಗಲಾರದು.

ಸವಾರಿಯ ಹುಚ್ಚಿರುವ ನಾಲ್ಕು ಜನ ಒಟ್ಟಿಗೆ ಹೋಗಿಬರುವುದಕ್ಕೆ ಸಂಘವೇಕೆ ಬೇಕು ಎಂದು ಕೇಳುವುದು ಸಹಜ. ಇದಕ್ಕೆ ಉತ್ತರ ಬೇಕಾದರೆ ಇಪ್ಪತ್ತೇಳು ವರ್ಷ ಹಿಂದಕ್ಕೂ, ಆ ದೇಶದ ಇನ್ನೊಂದು ಅಂಚಿಗೂ ಹೋಗಬೇಕಾಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಹಾಲಿಸ್ಟರ್ ಎಂಬುದೊಂದು ಸಣ್ಣ ಊರು. 1947ರ ಜುಲೈ ತಿಂಗಳ ಸ್ವಾತಂತ್ರ್ಯದಿನದ ರಜೆಯಲ್ಲಿ ಅಲ್ಲಿ ಮೋಟಾರು ಸೈಕಲ್ ಪಂದ್ಯಗಳು ನಡೆದವು. ಸಾವಿರಾರು ಜನ ಸವಾರರು ಬಂದಿಳಿದರು. ಅವರಲ್ಲಿ ಯುದ್ಧದಿಂದ ಹಿಂದಿರುಗಿ, ಮನೆಯ ನೆಮ್ಮದಿಗೆ ಇನ್ನೂ ಒಗ್ಗದೆ ಇದ್ದ ತರುಣರೂ ಸೇರಿದ್ದರು. ಕುಡಿತವಾಯಿತು, ಬೀದಿಯಲ್ಲೇ ಓಟದ ಪಂದ್ಯವಾಯಿತು, ಹೊಡೆದಾಟವಾಯಿತು; ಊರಿನ ಬೆರಳೆಣಿಕೆಯ ಪೋಲೀಸಿನವರಿಗೆ ಕೈಕಟ್ಟಿದಂತಾಯಿತು. ‘ಲೈಫ್’ ಪತ್ರಿಕೆಯಲ್ಲಿ ಆ ಸಂಬಂಧವಾಗಿ ಒಂದು ದೊಡ್ಡ ಛಾಯಾಚಿತ್ರ ಪ್ರಕಟವಾಯಿತು: ವಾಹನದ ಮೇಲೆ ಒರಗಿದ ಸ್ಥೂಲಕಾಯನೊಬ್ಬ, ಕೆಳಗೆಲ್ಲ ಬಿಯರಿನ ಖಾಲಿ ಶೀಸೆಗಳು. ಶೀಸೆಗಳನ್ನು ಚಿತ್ರಕ್ಕೆಂದೇ ಅಲ್ಲಿ ಜೋಡಿಸಲಾಗಿತ್ತು ಎಂಬ ಮಾತು ಆಮೇಲೆ ಹುಟ್ಟಿತು. ಆದರೆ ಚಿತ್ರ ಮಾಡಬೇಕಾದ ಕೆಲಸವನ್ನು ಮಾಡಿ ಮುಗಿಸಿತ್ತು. 1953ರಲ್ಲಿ ಮಾರ್ಲನ್ ಬ್ರಾಂಡೊ ನಟಿಸಿದ ‘ದಿ ವೈಲ್ಡ್ ಒನ್’ ಎಂಬ ಚಲಚ್ಚಿತ್ರ ಬಂದು ಆ ಅಚ್ಚನ್ನು ಇನ್ನಷ್ಟು ಒತ್ತಿತು. ‘ಹೆಲ್ಸ್ ಏಂಜೆಲ್ಸ್’ ಎಂಬ ತಂಡ 1948ರಲ್ಲಿಯೇ ಹುಟ್ಟಿಕೊಂಡಿತ್ತು. ನೂರಕ್ಕೆ ತೊಂಬತ್ತೊಂಬತ್ತು ಜನ ಸವಾರರು ಸಭ್ಯರೇ ಎಂದು ಯಾರೋ ಸಮಾಧಾನ ಹೇಳಿದರಂತೆ. ಪುಂಡರ ತಂಡಗಳು ಉಳಿದ ಒಂದು ತಾವೇ ಎಂದು ಅದನ್ನೇ ಬಿರುದುಮಾಡಿಕೊಂಡು ಎದೆಯ ಮೇಲೆ ಹೊಲಿಸಿಕೊಂಡವು.

ಹೀಗಾಗಿ ತೊಗಲಂಗಿ ತೊಟ್ಟು ಮೋಟಾರು ಸೈಕಲ್ ಏರಿದವನನ್ನು ಕಂಡರೆ ಅಂಗಡಿಯವನು ಬಾಗಿಲು ಮುಂದೆಮಾಡುವ ಕಾಲ ಬಂತು. 1959ರಲ್ಲಿ ಅಮೆರಿಕಕ್ಕೆ ಕಾಲಿಟ್ಟ ಜಪಾನಿನ ಹೋಂಡಾ ಕಂಪೆನಿಯವರು ತಮ್ಮ ಸಣ್ಣ ಗಾಡಿಗಳ ಮೇಲೆ ಗೃಹಿಣಿಯರನ್ನೂ ವಿದ್ಯಾರ್ಥಿಗಳನ್ನೂ ಕೂರಿಸಿ ಜಾಹೀರಾತು ಕೊಟ್ಟ ಮೇಲೆ ಈ ಭಯ ತುಸು ಇಳಿಯಿತು. ಆದರೂ ದೊಡ್ಡ ಗಾಡಿಯ ಸವಾರನ ಮೇಲಿನ ಗುಮಾನಿ ಹೋಗಲಿಲ್ಲ. ಇನ್ನು ಆ ಸವಾರನೇ ಪೋಲೀಸಿನವನಾದರೆ ಅವನ ಅವಸ್ಥೆಯನ್ನು ಊಹಿಸಬಹುದು. ಊರಿನವರ ಕಣ್ಣಿಗೆ ಅವನು ಪುಂಡ. ಪುಂಡರ ಕಣ್ಣಿಗೆ ಗೂಢಚಾರ. ಠಾಣೆಯಲ್ಲಿ ಕೆಲವರಾದರೂ ‘ಇವನಿಗೇಕೆ ಅವರ ಸಹವಾಸ’ ಎಂದುಕೊಳ್ಳುವವರು. ಯಾವ ತಂಡಕ್ಕೂ ಸೇರಲಾರದವನಿಗೆ ತನ್ನ ತಂಡವನ್ನು ತಾನೇ ಕಟ್ಟಿಕೊಳ್ಳುವುದೊಂದೇ ದಾರಿ.

ಪೋಲೀಸಿನವರಿಗೂ ಮೋಟಾರು ಸೈಕಲ್ಲಿಗೂ ಇರುವ ನಂಟು ಹಳೆಯದೆಂಬುದನ್ನೂ ಇಲ್ಲಿ ಹೇಳಬೇಕು. ಇಂಡಿಯನ್ ಕಂಪೆನಿ 1901ರಲ್ಲಿ, ಹಾರ್ಲಿ-ಡೇವಿಡ್‌ಸನ್ ಕಂಪೆನಿ 1903ರಲ್ಲಿ ಆರಂಭವಾದುವು. ಅದಾದ ಹತ್ತು ವರ್ಷದೊಳಗಾಗಿಯೇ ಅಮೆರಿಕದ ನಗರಗಳ ಪೋಲೀಸಿನವರು ಕುದುರೆ ಬಿಟ್ಟು ಈ ಯಂತ್ರವನ್ನು ಏರತೊಡಗಿದ್ದರು. ಅವರ ಗಾಡಿಗಳು ಹಗುರವಾದುವಲ್ಲ, ಮುನ್ನೂರು ಕಿಲೋಗ್ರಾಮಿಗೂ ಮೇಲ್ಪಟ್ಟ ತೂಕದವು. ಅವರ ವಿದ್ಯೆಯೆಲ್ಲ ವೇಗದಲ್ಲಿದೆಯೆಂದು ನಾವು ಬಹುಕಾಲ ಭಾವಿಸಿದ್ದೆವು. ವಿಚಾರಿಸಿ ನೋಡಿದರೆ ನಿಧಾನದಲ್ಲಿದೆ. ನೆಲದಲ್ಲಿ ಗುರುತುಗಳನ್ನಿಟ್ಟು ಅವುಗಳ ನಡುವೆ, ಮನುಷ್ಯನು ನಡೆಯುವಷ್ಟೇ ಮೆಲ್ಲಗೆ, ಕಾಲು ನೆಲಕ್ಕೆ ತಾಗಿಸದೆ ಆ ಭಾರವನ್ನು ತಿರುಗಿಸಿ ತರಬೇಕು. ಕ್ಲಚ್ಚನ್ನು ಪೂರ್ತಿ ಬಿಡದೆ ಪೂರ್ತಿ ಹಿಡಿಯದೆ, ಹಿಂದಿನ ಬ್ರೇಕನ್ನು ತುಸುವೇ ಒತ್ತಿ, ಕಣ್ಣನ್ನು ಹೋಗಬೇಕಾದ ಕಡೆಗೆ ನೆಟ್ಟಿರಬೇಕು. ಚಕ್ರವನ್ನು ನೋಡಿದವನು ಬೀಳುತ್ತಾನೆ. ಗುಂಪಿನಲ್ಲಿ ಹೋಗುವಾಗ ಒಬ್ಬನು ದಾರಿಯ ಎಡಪಾಲಿನಲ್ಲಿ, ಮರುಸವಾರನು ಒಂದು ಸೆಕೆಂಡಿನ ಅಂತರದಲ್ಲಿ ಬಲಪಾಲಿನಲ್ಲಿ, ಹೀಗೆ ಜಡೆ ಹೆಣೆದಂತೆ ಸಾಗಬೇಕು. ಇದು ಒಬ್ಬಂಟಿಯಾಗಿ ಬರುವ ವಿದ್ಯೆಯಲ್ಲ.

1974ನೆಯ ಇಸವಿಗೆ ಇನ್ನೊಂದು ವಿಶೇಷವೂ ಉಂಟು. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆಯನ್ನು ನಿಲ್ಲಿಸಿದುವು. ಪೆಟ್ರೋಲು ಉಳಿಸುವುದಕ್ಕಾಗಿ, ಗಂಟೆಗೆ 55 ಮೈಲಿಗಿಂತ, ಎಂದರೆ ಸುಮಾರು 88 ಕಿಲೋಮೀಟರಿಗಿಂತ, ಹೆಚ್ಚಿನ ವೇಗವನ್ನು ಬಿಡುವ ಸಂಸ್ಥಾನಕ್ಕೆ ಹೆದ್ದಾರಿಯ ಹಣವಿಲ್ಲವೆಂಬ ಕಾಯಿದೆಗೆ ಅಧ್ಯಕ್ಷ ನಿಕ್ಸನ್ನರು ಜನವರಿಯಲ್ಲಿ ರುಜು ಹಾಕಿದರು. ಜನಕ್ಕೆ ಅದು ಹಿಡಿಸಲಿಲ್ಲ. 1995ರಲ್ಲಿ ಅದನ್ನು ತೆಗೆದೂ ಹಾಕಿದರು. ಆದರೆ ಆ ವಸಂತದಲ್ಲಿ ಅದನ್ನು ನಡೆಸಬೇಕಾದವರು ಪೋಲೀಸಿನವರು. ವಾರವೆಲ್ಲ ಹೆದ್ದಾರಿಯ ಬದಿಯಲ್ಲಿ ನಿಂತು ಅವಸರದವರನ್ನು ತಡೆದು ಬೈಗುಳ ತಿಂದವನಿಗೆ ಭಾನುವಾರ ತನ್ನ ಗಾಡಿಯ ಕಿವಿ ಹಿಂಡುವ ಆಸೆಯಾದರೆ, ಸೂಚಿ 55ರ ಹತ್ತಿರ ಬಂದಾಗ ಅವನ ಮನಸ್ಸಿನಲ್ಲಿ ಏನಾಗಿರಬೇಕು! ಅವನು ಬರೆದ ದಂಡದ ಚೀಟಿಯೇ ಅವನ ಹಿಂದಿನ ಆಸನದಲ್ಲಿ ಕುಳಿತು ಬರುತ್ತಿದ್ದಿರಬೇಕು.

ಸಂಘದ ಸದಸ್ಯತ್ವ ಕಾಯಿದೆಯನ್ನು ನಡೆಸುವ ಅಧಿಕಾರಿಗಳಿಗೆ, ನಿವೃತ್ತರಾದವರಿಗೆ ಸಹ, ಮೀಸಲು, ಲಾಭದ ಉದ್ದೇಶವಿಲ್ಲ. ಇವೆಲ್ಲ ಯಾವ ಸಂಘದಲ್ಲಾದರೂ ಇರುವಂಥ ಕಟ್ಟಳೆಗಳೇ. ನಮ್ಮ ಗಮನವನ್ನು ಸೆಳೆದುದು ಬೇರೊಂದು: ತಮ್ಮದು ಕುಟುಂಬದ ಸಂಘವೆಂದು ಅವರು ಹೇಳಿಕೊಂಡುದು. ಪುಂಡರ ತಂಡಗಳಲ್ಲಿ ಹೆಂಡತಿ ಮಕ್ಕಳಿಗೆ ಸ್ಥಾನವಿಲ್ಲ. ಇಲ್ಲಿ ಅವರು ಸವಾರಿಗೂ ಊಟಕ್ಕೂ ವರ್ಷಂಪ್ರತಿಯ ಸಮ್ಮೇಳನಕ್ಕೂ ಜೊತೆಯಲ್ಲಿ ಬರತಕ್ಕವರು.

ಇದರ ಬೆಲೆಯನ್ನು ಅರಿಯಬೇಕಾದರೆ ಪೋಲೀಸಿನವರ ಮನೆಯ ನೆರೆಯಲ್ಲಿದ್ದು ನೋಡಬೇಕು. ನಮ್ಮ ಬಾಲ್ಯದಲ್ಲಿ ಅಂಥ ನೆರೆಮನೆಯೊಂದಿತ್ತು. ಹಬ್ಬದ ದಿನ ಎಲ್ಲರ ಮನೆಯಲ್ಲೂ ಎಲೆ ತೆಗೆದಾದ ಮೇಲೂ ಆ ಮನೆಯ ತಾಯಿ ಒಂದು ತಟ್ಟೆಯ ಮೇಲೆ ಇನ್ನೊಂದನ್ನು ಕವಿಚಿಟ್ಟು ಬಾಗಿಲಿನ ಕಡೆ ನೋಡುತ್ತಿದ್ದರು. ಮನೆಯ ಯಜಮಾನರು ನಡುರಾತ್ರಿಯಲ್ಲಿ ಬರುತ್ತಿದ್ದರು, ಬಂದವರು ಮಾತಾಡುತ್ತಿರಲಿಲ್ಲ. ಆ ದಿನ ಅವರು ನೋಡಿದ್ದು ಮನೆಯಲ್ಲಿ ಹೇಳತಕ್ಕದ್ದಾಗಿರುತ್ತಿರಲಿಲ್ಲ. ಮಕ್ಕಳಿಗೆ ತಂದೆಯೆಂದರೆ ಗೂಟದ ಮೇಲಿನ ಟೋಪಿ. ದೇಶ ಬೇರೆಯಾದರೂ ಈ ಮೌನ ಬ್ಯಾಂಗೋರಿನಲ್ಲಿಯೂ ಇದ್ದೀತು. ಅಂಥ ಮನುಷ್ಯನು ತನ್ನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ತನ್ನಂತೆಯೇ ಬಾಯಿ ಬಿಡದ ಇತರರ ಜೊತೆಯಲ್ಲಿ ಸಮುದ್ರದ ದಂಡೆಯವರೆಗೆ ಹೋಗಿಬಂದರೆ, ಯಂತ್ರದ ಸದ್ದಿನಲ್ಲಿ ಮಾತಿಗೆ ಅವಕಾಶವೇ ಇಲ್ಲದಿದ್ದರೂ, ಹೇಳದೆ ಉಳಿದುದು ಸ್ವಲ್ಪ ಹಗುರವಾಗುತ್ತದೆಂದು ನಾವು ನಂಬುತ್ತೇವೆ.

ನಮ್ಮ ಮಿತ್ರರೊಬ್ಬರು ಇದನ್ನು ಒಪ್ಪುವುದಿಲ್ಲ. ಬಂಧಿಸುವ ಅಧಿಕಾರವುಳ್ಳವರು ಅಧಿಕಾರವಿಲ್ಲದ ವೇಳೆಯಲ್ಲಿ ಗುಂಪುಗೂಡುವುದು ಪ್ರಜೆಗಳಿಗೆ ಕ್ಷೇಮವಲ್ಲವೆಂದು ಅವರ ವಾದ. ಈ ಮಾತನ್ನು ನಗೆಯಿಂದ ತಳ್ಳಿಹಾಕುವಂತಿಲ್ಲ. ಮುಂದೆ ಹುಟ್ಟಿದ ಇಂಥ ಕೆಲವು ಸಂಘಗಳವರು ಪುಂಡರ ತಂಡಗಳ ಉಡುಪನ್ನೇ, ಮೇಲೆ ತಂಡದ ಹೆಸರು, ನಡುವೆ ಲಾಂಛನ, ಕೆಳಗೆ ಸೀಮೆಯ ಹೆಸರು ಹೊಲಿದ ಅಂಗಿಯನ್ನೇ, ತೊಡತೊಡಗಿದರು. 2008ರ ಆಗಸ್ಟಿನಲ್ಲಿ ದಕ್ಷಿಣ ಡಕೋಟಾದ ಸ್ಟರ್ಜಿಸ್ ಎಂಬ ಊರಿನ ಮೋಟಾರು ಸೈಕಲ್ ಜಾತ್ರೆಯಲ್ಲಿ, ಪಾನಶಾಲೆಯೊಂದರೊಳಗೆ, ಪೋಲೀಸಿನವರೂ ಅಗ್ನಿಶಾಮಕದವರೂ ಇದ್ದ ‘ಐರನ್ ಪಿಗ್ಸ್’ ಸಂಘದವರಿಗೂ ಹೆಲ್ಸ್ ಏಂಜೆಲ್ಸ್ ತಂಡದವರಿಗೂ ಜಗಳವಾಗಿ, ಸಿಯಾಟಲ್ ನಗರದ ಪತ್ತೇದಾರನೊಬ್ಬನು ಗುಂಡು ಹಾರಿಸಿ ಎದುರಾಳಿಯೊಬ್ಬನನ್ನು ಗಾಯಗೊಳಿಸಿದನು. ವಿಷಯ ನ್ಯಾಯಸ್ಥಾನದವರೆಗೆ ಹೋಯಿತು. ಯಾರದು ಸರಿಯೆಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ಬಿಡುವಿನ ದಿನ ಪಾನಶಾಲೆಗೆ ಪಿಸ್ತೂಲನ್ನು ಒಯ್ದವನು ಬಿಡುವನ್ನು ಮನೆಯಲ್ಲಿಯೇ ಬಿಟ್ಟು ಹೊರಟಿದ್ದನೆಂದು ನಮಗೆ ತೋರುತ್ತದೆ. ಪಕ್ಕದಲ್ಲಿ ಮಕ್ಕಳು ಕುಳಿತಿದ್ದರೆ ಅಷ್ಟು ದೂರ ಹೋಗುತ್ತಿತ್ತೋ ಇಲ್ಲವೋ! ಮಿತ್ರರಿಗೆ ನಾವು ಕೊಟ್ಟ ಉತ್ತರ ಇಷ್ಟೇ. ಅವರು ಇನ್ನೂ ಒಪ್ಪಿಲ್ಲ.

ಬ್ಯಾಂಗೋರಿನಲ್ಲಿ ಮೊಳೆತ ಸಂಘದ ಶಾಖೆಗಳು ಅಮೆರಿಕದಲ್ಲೆಲ್ಲ ಹಬ್ಬಿ, ಕೆನಡಾ, ಯೂರೋಪು, ಆಸ್ಟ್ರೇಲಿಯಾಗಳನ್ನು ಮುಟ್ಟಿದುವು. ಇದೇ ಬಗೆಯಲ್ಲಿ ಮಸಾಚುಸೆಟ್ಸ್ ಸಂಸ್ಥಾನದ ಅಗ್ನಿಶಾಮಕದವರು 1982ರಲ್ಲಿ ‘ರೆಡ್ ನೈಟ್ಸ್’ ಎಂಬ ಕೆಂಪು ರಾವುತರ ಸಂಘವನ್ನು ಮಾಡಿಕೊಂಡರು.

ಇನ್ನೊಂದು ಮಾತು ಉಳಿದಿದೆ. ಉದ್ಯೋಗದಲ್ಲಿ ಸ್ತ್ರೀಪುರುಷರೆಂಬ ಭೇದವನ್ನು ಮಾಡಕೂಡದೆಂಬ ಅಮೆರಿಕದ ಕಾಯಿದೆ 1972ರಲ್ಲಿ ಸಂಸ್ಥಾನಗಳ ಮತ್ತು ನಗರಗಳ ಕೆಲಸಗಳಿಗೂ ಅನ್ವಯಿಸಿತು. ಅಲ್ಲಿಂದೀಚೆಗೆ ಪೋಲೀಸಿನಲ್ಲಿ ಹೆಂಗಸರ ಸಂಖ್ಯೆ ಏರುತ್ತ ಬಂದು, ಒಂದು ಕಾಲಕ್ಕೆ ಹಿಂದಿನ ಆಸನವೇ ಗತಿಯಾಗಿದ್ದವರಲ್ಲಿ ಕೆಲವರು ಈಗ ಮುಂದಿನ ಆಸನದಲ್ಲಿದ್ದಾರೆ. ‘ರಾವುತ’ ಎಂಬ ಶಬ್ದಕ್ಕೆ ಒಪ್ಪುವಂಥ ಸ್ತ್ರೀಲಿಂಗ ರೂಪವನ್ನು ವಾಚಕರಲ್ಲಿ ಯಾರಾದರೂ ಬರೆದು ಕಳುಹಿಸಿದರೆ ಉಪಕೃತರಾಗಿರುತ್ತೇವೆ.